ಸುಳ್ಳು ಚಿಕಿತ್ಸೆಗೆ ಸಿಕ್ಕ 6 ಅಂಕ

ಯಾದಗಿರಿ, ಶಹಾಪುರ, ಸುರಪುರ ಕಡೆ ಓಣಿಗೊಬ್ಬ ಮುತ್ಯಾ ರಾತ್ರಿ ನಾಲ್ಕು ಸಲ ಎದ್ದು ಹೊರಗ ಹೋಗ್ತಿರ್ತಾನ. "ವಯಸ್ಸಾತು, ಹಂಗ ಆಗ್ತದ" ಅಂತ ಮನಿಯವರು ಸುಮ್ಮನಾಗ್ತಾರ. ಎಷ್ಟೋ ಸಲ ಅದು ಪ್ರಾಸ್ಟೇಟ್ ಗ್ರಂಥಿ ದಪ್ಪಾಗಿ ಮೂತ್ರನಾಳ ಒತ್ತೋದು. ಕ್ಯಾನ್ಸರ್ ಅಲ್ಲ, ಬೇರೆ ಕಾಯಿಲೆ.

ಮೊದಲು ಇದ್ದದ್ದು ಚಾಕು ಒಂದೇ. ಭಾರತದಲ್ಲಿ ಇಪ್ಪತ್ತು ವರ್ಷ ಸರ್ಕಾರಿ ಸರ್ಜನ್ ಆಗಿದ್ದ ಐರಿಷ್ ಡಾಕ್ಟರ್ ಪೀಟರ್ ಫ್ರೇಯರ್, 1900ರಲ್ಲಿ ಲಂಡನ್‌ನಲ್ಲಿ ಕೆಳಹೊಟ್ಟೆ ಕೊಯ್ದು ಗ್ರಂಥಿ ತೆಗೆದು ಹೆಸರಾದ. ಆಮೇಲೆ ಟಿಯುಆರ್‌ಪಿ ಬಂತು. ಮೂತ್ರನಾಳದ ಒಳಗಿಂದಲೇ ಕರೆಂಟಿನ ತಂತಿಯಿಂದ ಗ್ರಂಥಿ ಕೆರೆದು ತೆಗೆಯೋದು. ಇವತ್ತಿಗೂ ಹೊಸ ಸಾಧನಗಳಿಗೆ ಅದೇ ಅಳತೆಗೋಲು.

1980ರ ದಶಕದಲ್ಲಿ ಬಲೂನ್ ಬಂತು. ನಾಳದಾಗ ಬಲೂನ್ ಉಬ್ಬಿಸಿ ದಾರಿ ಅಗಲ ಮಾಡೋದು. ರೋಗಿಗಳು ಹಗುರಾತು ಅಂದ್ರು. ಅಮೆರಿಕದ ಹರ್ಬರ್ಟ್ ಲೆಪೋರ್ ತಂಡ ಒಂದು ಗುಂಪಿಗೆ ಬಲೂನ್, ಇನ್ನೊಂದಕ್ಕೆ ಬರೀ ಸಿಸ್ಟೋಸ್ಕೋಪಿ ಮಾಡಿ, ಯಾರಿಗೆ ಯಾವುದು ಅಂತ ಹೇಳಲಿಲ್ಲ. 1992ರಲ್ಲಿ ಫಲಿತಾಂಶ ಪ್ರಕಟ ಆತು: ಎರಡೂ ಗುಂಪಿಗೆ ಹೆಚ್ಚುಕಡಿಮೆ ಅಷ್ಟೇ ಗುಣ. ಬಲೂನ್ ಮೂಲೆಗೆ ಬಿತ್ತು.

ಯೂರೋಲಿಫ್ಟ್ ಬಂದಾಗ ಇದೇ ಪಟ್ಟು ಹಾಕಿದ್ರು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ 19 ಕೇಂದ್ರ, 206 ಗಂಡಸರು. 140 ಮಂದಿಗೆ ಸಣ್ಣ ಕ್ಲಿಪ್ ಹಾಕಿ ಗ್ರಂಥಿಯನ್ನು ಪಕ್ಕಕ್ಕೆ ಎಳೆದು ಕಟ್ಟಿದ್ರು. ಉಳಿದ 66 ಮಂದಿಗೆ ಅಡ್ಡ ಪರದೆ, ಉಪಕರಣದ ಸದ್ದು, ಎಲ್ಲಾ ಇತ್ತು. ಕ್ಲಿಪ್ ಮಾತ್ರ ಇಲ್ಲ! ರೋಗಿಯೇ ತುಂಬೋ 35 ಅಂಕದ ತೊಂದರೆ ಪಟ್ಟಿ ಇರ್ತದ. ಮೂರು ತಿಂಗಳಾದ ಮೇಲೆ ಕ್ಲಿಪ್ ಹಾಕಿದವರಿಗೆ ಸುಮಾರು 11 ಅಂಕ ಇಳಿದಿತ್ತು. ಏನೂ ಹಾಕದವರಿಗೂ ಸುಮಾರು 6 ಇಳಿದಿತ್ತು.

ನಾನು ಬಿ.ಕಾಂ. ಮಾಡಿದವ, ಹಂಗೇ ಹೇಳ್ತೀನಿ: 11 ಅನ್ನೋದು ಗ್ರಾಸ್, ನೆಟ್ ಬರೋದು 5. ಆ 5 ನಿಜವಾದ ಲಾಭ, ಅದಕ್ಕೇ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದ್ರ ಜಾಹೀರಾತಿನವರಿಗೆ ಗ್ರಾಸ್ ಮೇಲೇ ಪ್ರೀತಿ.

ನಮ್ಮ ಕಡೆ ಮಂದಿಗೆ ಮುಖ್ಯ ಆಗೋದು ಇಲ್ಲಿಂದ. ಆ ಪರೀಕ್ಷೆಯಲ್ಲಿ 80 ಗ್ರಾಂಗಿಂತ ದೊಡ್ಡ ಗ್ರಂಥಿ ಇದ್ದವರನ್ನ, ಮೂತ್ರ ಪೂರ್ತಿ ಕಟ್ಟಿದವರನ್ನ ಸೇರಿಸಲೇ ಇಲ್ಲ. ನಮ್ಮ ಎಷ್ಟೋ ಮುತ್ಯಾಗಳು ಆಸ್ಪತ್ರೆ ಮೆಟ್ಟಿಲು ಹತ್ತೋದೇ ಮೂತ್ರ ಕಟ್ಟಿದ ಮೇಲೆ. ಆ 11 ಇವರ ಲೆಕ್ಕ ಅಲ್ಲ.

ಯಾರಾದ್ರೂ ಹೊಸ ಮಷಿನ್ ಅಂದ್ರ, ಗ್ರಂಥಿ ಎಷ್ಟು ಗ್ರಾಂ ಅದ ಅಂತ ಕೇಳ್ರಿ. ಇಂಥ ಸೈಜಿನವರ ಮೇಲೆ ಪರೀಕ್ಷೆ ಆಗ್ಯಾದೇನು ಅಂತನೂ ಕೇಳ್ರಿ. ಮೂತ್ರ ಕಟ್ಟಿದ್ರ ಮಾತ್ರ ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ, ಆ ರಾತ್ರಿಯೇ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ.