ಆ್ಯಪ್ ಡೌನ್‌ಲೋಡ್ ಆಗುತ್ತಿಲ್ಲವೇ? ಬೆಳೆ ಸಮೀಕ್ಷೆಗೆ ಮುನ್ನ ಮೊಬೈಲ್ ಸರಿಪಡಿಸಿಕೊಳ್ಳುವ ಬಗೆ

ಬೆಳಗೊಳ (ಶ್ರೀರಂಗಪಟ್ಟಣ ತಾಲ್ಲೂಕು): ರೈತರು ತಮ್ಮ ಜಮೀನಿನ ಬೆಳೆಯ ವಿವರವನ್ನು ತಾವೇ ಛಾಯಾಚಿತ್ರ ಸಹಿತ ದಾಖಲಿಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರವು 2020ರ ಮುಂಗಾರಿನಲ್ಲಿ ಜಾರಿಗೆ ತಂದಿತು. ಅಂದಿನಿಂದ ಸ್ಮಾರ್ಟ್‌ಫೋನ್ ಎಂಬುದು ಪಹಣಿ ಪತ್ರದಷ್ಟೇ ಮುಖ್ಯವಾದ ಕೃಷಿ ಸಾಧನವಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನ ಭತ್ತ, ಕಬ್ಬಿಗಾಗಲಿ, ನಾಗಮಂಗಲ, ಕೃಷ್ಣರಾಜಪೇಟೆಯ ರಾಗಿಗಾಗಲಿ ಈ ದಾಖಲೆಯೇ ಆಧಾರ. ಬೆಳೆ ವಿಮೆ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ ಇವುಗಳಲ್ಲಿ ಸಮೀಕ್ಷೆಯ ವಿವರವನ್ನು ಪರಿಗಣಿಸಲಾಗುತ್ತದೆ. ವಿಮೆ ಮಾಡಿಸಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ಹೊಂದಿಕೆಯಾಗದಿದ್ದರೆ ಪರಿಹಾರದ ಅರ್ಜಿಯೇ ತಿರಸ್ಕೃತವಾಗುವ ಸಂಭವವಿದೆ. ಹೀಗಿರುವಾಗ ಆ್ಯಪ್ ಇಳಿಯದೆ ಮೊಬೈಲಿನ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇದ್ದರೆ ಮಾಡಬೇಕಾದುದೇನು? ಆಂಡ್ರಾಯ್ಡ್ ಮೊಬೈಲ್ ಬಳಸುವ ಓದುಗರಿಗಾಗಿ ಕ್ರಮವಾದ ಮಾಹಿತಿ ಇಲ್ಲಿದೆ.

ಮೊದಲು ಪರೀಕ್ಷಿಸಬೇಕಾದವು

1. ಜಾಲ ಸಂಪರ್ಕ: ಬ್ರೌಸರ್‌ನಲ್ಲಿ ಯಾವುದಾದರೂ ಪುಟ ತೆರೆದು ನೋಡಿ. ಅದು ತೆರೆಯದಿದ್ದರೆ ದೋಷವಿರುವುದು ಸಂಪರ್ಕದಲ್ಲಿ, ಆ್ಯಪ್‌ನಲ್ಲಲ್ಲ. ಏರೋಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಡೇಟಾ ಸೇವರ್ ಅಥವಾ ವಿಪಿಎನ್ ಚಾಲನೆಯಲ್ಲಿದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ.

2. ಖಾಲಿ ಜಾಗ: ಮೊಬೈಲಿನಲ್ಲಿ 1 ಜಿಬಿಗಿಂತ ಕಡಿಮೆ ಜಾಗ ಉಳಿದಿದ್ದರೆ ತೊಂದರೆ ಸಹಜ. ವಾಟ್ಸ್ಆ್ಯಪ್‌ನಲ್ಲಿ ಬಂದು ಸೇರಿದ ವಿಡಿಯೊಗಳನ್ನು ಅಳಿಸಿದರೆ ಸಾಕಷ್ಟು ಜಾಗ ದೊರೆಯುತ್ತದೆ. ಆ್ಯಪ್‌ನ ಗಾತ್ರ ಚಿಕ್ಕದೆಂದು ನಿರ್ಲಕ್ಷಿಸಬಾರದು. ಅದು ಇಳಿದ ಬಳಿಕ ಬಿಚ್ಚಿಕೊಳ್ಳಲು ಇನ್ನಷ್ಟು ಜಾಗ ಬೇಡುತ್ತದೆ.

3. ದಿನಾಂಕ ಮತ್ತು ಸಮಯ: ಇವು ತಪ್ಪಾಗಿದ್ದರೆ ಮೊಬೈಲು ಸರ್ವರ್‌ನ ಭದ್ರತಾ ಪ್ರಮಾಣಪತ್ರವನ್ನು ಒಪ್ಪಿಕೊಳ್ಳುವುದಿಲ್ಲ, ಸಂಪರ್ಕ ಏರ್ಪಡುವುದೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ‘ಆಟೋಮ್ಯಾಟಿಕ್’ ಎಂದು ಇರಿಸಿ.

‘ಡೌನ್‌ಲೋಡ್ ಪೆಂಡಿಂಗ್’ ಎಂದರೆ

ಈ ಸಂದೇಶಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು, ಬೇರೆ ಆ್ಯಪ್‌ಗಳ ಪರಿಷ್ಕರಣೆ ಸರದಿಯಲ್ಲಿ ಮುಂದಿರುವುದು. ಪ್ಲೇ ಸ್ಟೋರ್‌ನಲ್ಲಿ ತಮ್ಮ ಖಾತೆಯ ಚಿತ್ರ ಒತ್ತಿ, ‘ಮ್ಯಾನೇಜ್ ಆ್ಯಪ್ಸ್’ ವಿಭಾಗದಲ್ಲಿ ಅವುಗಳನ್ನು ನಿಲ್ಲಿಸಿದರೆ ಬೇಕಾದ ಆ್ಯಪ್‌ಗೆ ದಾರಿ ಸುಗಮವಾಗುತ್ತದೆ. ಎರಡನೆಯದು, ವೈ-ಫೈ ಇದ್ದಾಗ ಮಾತ್ರ ಡೌನ್‌ಲೋಡ್ ಮಾಡಬೇಕೆಂಬ ಆಯ್ಕೆ. ಮನೆಯಲ್ಲಿ ವೈ-ಫೈ ಇಲ್ಲದವರು ಪ್ಲೇ ಸ್ಟೋರ್‌ನ ನೆಟ್‌ವರ್ಕ್ ಆದ್ಯತೆಯಲ್ಲಿ ಇದನ್ನು ಬದಲಿಸಿಕೊಳ್ಳಬೇಕು.

ಇಷ್ಟಾದರೂ ಆಗದಿದ್ದರೆ ಮೊಬೈಲನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಿ. ಬಳಿಕ ಸೆಟ್ಟಿಂಗ್ಸ್, ಆ್ಯಪ್ಸ್, ಗೂಗಲ್ ಪ್ಲೇ ಸ್ಟೋರ್, ಸ್ಟೋರೇಜ್ ಎಂಬ ಕ್ರಮದಲ್ಲಿ ಸಾಗಿ ‘ಕ್ಲಿಯರ್ ಕ್ಯಾಶ್’ ಒತ್ತಿ. ಅದರಿಂದಲೂ ಫಲ ಸಿಗದಿದ್ದರೆ ಅಲ್ಲಿಯೇ ‘ಕ್ಲಿಯರ್ ಡೇಟಾ’ ಒತ್ತಬಹುದು. ಇದರಿಂದ ಪ್ಲೇ ಸ್ಟೋರ್‌ನ ಆಯ್ಕೆಗಳಷ್ಟೇ ಮೊದಲಿನಂತಾಗುತ್ತವೆ. ಇರುವ ಆ್ಯಪ್‌ಗಳಾಗಲಿ ಛಾಯಾಚಿತ್ರಗಳಾಗಲಿ ಅಳಿಯುವುದಿಲ್ಲ. ಆದರೆ ವಾಟ್ಸ್ಆ್ಯಪ್ ಅಥವಾ ಸಮೀಕ್ಷೆಯ ಆ್ಯಪ್‌ನಲ್ಲಿ ಇದೇ ಗುಂಡಿಯನ್ನು ಒತ್ತಬಾರದು. ಇನ್ನೂ ಅಪ್‌ಲೋಡ್ ಆಗದ ಮಾಹಿತಿ ಶಾಶ್ವತವಾಗಿ ಕಳೆದುಹೋಗಬಹುದು.

ಮೊಬೈಲೇ ಹಳೆಯದಾಗಿದ್ದರೆ

‘ಈ ಸಾಧನಕ್ಕೆ ಹೊಂದಿಕೆಯಾಗುವುದಿಲ್ಲ’ ಎಂಬ ಸಂದೇಶ ಬಂದರೆ ಮೇಲಿನ ಯಾವ ಉಪಾಯವೂ ಫಲಿಸದು. ಪ್ರತಿ ಆ್ಯಪ್‌ಗೂ ಇಂತಿಷ್ಟು ಆವೃತ್ತಿಯ ಆಂಡ್ರಾಯ್ಡ್ ಬೇಕೆಂಬ ಕನಿಷ್ಠ ಮಿತಿಯಿರುತ್ತದೆ. ಆಂಡ್ರಾಯ್ಡ್ 4.4ಕ್ಕೆ ಗೂಗಲ್ ಸಂಸ್ಥೆಯು ಪ್ಲೇ ಸರ್ವಿಸಸ್‌ನ ಬೆಂಬಲವನ್ನು 2023ರಲ್ಲಿ ನಿಲ್ಲಿಸಿತು. ‘ಸಿಸ್ಟಮ್ ಅಪ್‌ಡೇಟ್’ ಲಭ್ಯವಿದ್ದರೆ ಹಾಕಿಕೊಳ್ಳಿ; ಇಲ್ಲವಾದರೆ ಮನೆಯವರ ಅಥವಾ ನೆರೆಯವರ ಹೊಸ ಮೊಬೈಲ್ ಬಳಸುವುದೇ ದಾರಿ. 2017ರಲ್ಲಿ ಬಂದ ಜಿಯೋಫೋನ್‌ನಂತಹ ಕೈಓಎಸ್ ಮೊಬೈಲುಗಳಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳು ಕೆಲಸ ಮಾಡುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಮತ್ತೊಂದು ಗೊಂದಲವಿದೆ. ಬೆಳೆ ಸಮೀಕ್ಷೆಗೆ ಹಂಗಾಮು ಮತ್ತು ವರ್ಷದ ಹೆಸರು ಹೊತ್ತ ಪ್ರತ್ಯೇಕ ಆ್ಯಪ್‌ಗಳು ಬಂದಿವೆ. ಕಳೆದ ಹಂಗಾಮಿನ ಆ್ಯಪ್ ತೆರೆದು ‘ಕೆಲಸ ಮಾಡುತ್ತಿಲ್ಲ’ ಎನ್ನುವ ಮುನ್ನ ಹೆಸರನ್ನು ಓದಿ ನೋಡುವುದು ಒಳಿತು.

ಅಡ್ಡದಾರಿ ಬೇಡ

ಪ್ಲೇ ಸ್ಟೋರ್ ಸತಾಯಿಸಿದಾಗ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವ ‘ಎಪಿಕೆ’ ಕಡತಕ್ಕೆ ಕೈ ಹಾಕುವವರಿದ್ದಾರೆ. ಅಪಾಯ ಇರುವುದು ಇಲ್ಲಿಯೇ. ಪಿಎಂ ಕಿಸಾನ್ ಮುಂತಾದ ಯೋಜನೆಗಳ ಹೆಸರಿನ ನಕಲಿ ಎಪಿಕೆಗಳು ಮೊಬೈಲನ್ನು ಹೊಕ್ಕು, ಬ್ಯಾಂಕಿನಿಂದ ಬರುವ ಓಟಿಪಿ ಸಂದೇಶಗಳನ್ನು ಕದ್ದೋದಿ, ಖಾತೆ ಬರಿದು ಮಾಡಿದ ಉದಾಹರಣೆಗಳಿವೆ. ಇಂತಹ ಕಡತವನ್ನು ತೆರೆದುಬಿಟ್ಟಿದ್ದರೆ ತಕ್ಷಣ ಮೊಬೈಲಿನ ಡೇಟಾ ಆರಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬೇಕು. ದೂರು ಬೇಗ ತಲುಪಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಎಷ್ಟು ಪ್ರಯತ್ನಿಸಿದರೂ ಆ್ಯಪ್ ಇಳಿಯದಿದ್ದವರು ಕೈಚೆಲ್ಲಬೇಕಾಗಿಲ್ಲ. ರೈತರು ಸ್ವತಃ ದಾಖಲಿಸದ ಜಮೀನುಗಳ ಸಮೀಕ್ಷೆಯನ್ನು ಗ್ರಾಮಕ್ಕೆ ನೇಮಿಸಿದ ಖಾಸಗಿ ನಿವಾಸಿಗಳು ನಡೆಸುತ್ತಾರೆ. ಅವರು ಬಂದಾಗ ಜಮೀನಿನಲ್ಲಿ ಹಾಜರಿದ್ದು, ಸರ್ವೆ ನಂಬರ್ ಹಾಗೂ ಬೆಳೆಯ ಹೆಸರು ಸರಿಯಾಗಿ ದಾಖಲಾಯಿತೇ ಎಂದು ನೋಡಿಕೊಳ್ಳುವುದು ಕ್ಷೇಮ. ತಪ್ಪು ಕಂಡುಬಂದರೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಹೆಚ್ಚಿನ ಮಾಹಿತಿಗೆ ಪಹಣಿ ಮತ್ತು ಆಧಾರ್ ಸಂಖ್ಯೆಯ ವಿವರದೊಂದಿಗೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಭೇಟಿ ಮಾಡಬಹುದು. ಆದರೆ ಕಡೆಯ ದಿನದವರೆಗೆ ಕಾಯದೆ, ಹಂಗಾಮಿನ ಆರಂಭದಲ್ಲಿಯೇ ಮೊಬೈಲನ್ನು ಅಣಿಗೊಳಿಸಿಕೊಳ್ಳುವುದು ಜಾಣತನ.