ಒಂಬತ್ತು ಫಿರಂಗಿ ಒಟ್ಟಿಗೆ ಸಿಡಿದರೆ ಯುದ್ಧನೌಕೆ ಪಕ್ಕಕ್ಕೆ ಜಾರುತ್ತದೆಯೇ?

ಈ ಫೋಟೊ ನಿಮಗೂ ಬಂದಿರಬಹುದು: ಬೂದು ಬಣ್ಣದ ಭಾರಿ ಹಡಗು, ಒಂದೇ ಬದಿಗೆ ತಿರುಗಿದ ಒಂಬತ್ತು ಫಿರಂಗಿಗಳಿಂದ ಬೆಂಕಿಯುಂಡೆ, ಕೆಳಗೆ ಕಲಕಿ ಬೆಳ್ಳಗಾದ ನೀರು. ಜೊತೆಗೆ ‘ಹೊಡೆತದ ರಭಸಕ್ಕೆ ಹಡಗೇ ಪಕ್ಕಕ್ಕೆ ಸರಿದಿದೆ ನೋಡಿ’ ಎಂಬ ಸಾಲು. ಫೋಟೊ ನಿಜವಾದದ್ದೇ. ಅಮೆರಿಕದ ‘ಅಯೋವಾ’ ಯುದ್ಧನೌಕೆಯನ್ನು 1984ರಲ್ಲಿ ಪೋರ್ಟೊ ರಿಕೊ ಬಳಿ ಸೆರೆಹಿಡಿದದ್ದು. ಸಾಲು ಮಾತ್ರ ಸುಳ್ಳು.

ಲೆಕ್ಕ ಹಾಕಿ. ಒಂದು ಗುಂಡಿನ ತೂಕ ಹೆಚ್ಚೆಂದರೆ 1,225 ಕೆ.ಜಿ., ಅಂದರೆ ಒಂದು ಕಾರಿನಷ್ಟು. ಒಂಬತ್ತೂ ಸೇರಿ ಸುಮಾರು 11 ಟನ್. ಹಡಗಿನ ತೂಕ ಸುಮಾರು 58,000 ಟನ್! ಗುಂಡು ಸೆಕೆಂಡಿಗೆ 760 ಮೀಟರ್ ವೇಗದಲ್ಲಿ ಹೊರಟರೂ, ಜೊತೆಗೆ ನುಗ್ಗುವ ಅನಿಲದ ಒದೆತ ಸೇರಿಸಿದರೂ, ಹಡಗಿಗೆ ಸಿಗುವ ವೇಗ ಸೆಕೆಂಡಿಗೆ ಸುಮಾರು 20 ಸೆಂ.ಮೀ. ಅದೂ ನೀರು ತಡೆಯೇ ಒಡ್ಡದಿದ್ದರೆ. 270 ಮೀಟರ್ ಉದ್ದದ ಒಡಲನ್ನು ಅಡ್ಡಡ್ಡ ತಳ್ಳಲು ಸಮುದ್ರ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹಿಂದಕ್ಕೆ ಸರಿಯುವುದು ಫಿರಂಗಿಯ ನಳಿಗೆ, ಸುಮಾರು 1.2 ಮೀಟರ್. ಆ ನೊರೆ? ಸ್ಫೋಟದ ಗಾಳಿಯ ಒತ್ತಡ ನೀರಿನ ಮೇಲ್ಮೈಗೆ ಬಡಿದದ್ದು.

ಫೋಟೊದಲ್ಲಿ ಕಾಣದಿರುವುದು ಒಳಗಿನ ಮನುಷ್ಯರು. ಮೂರು ಫಿರಂಗಿಗಳ ಒಂದೊಂದು ಗೋಪುರಕ್ಕೂ ಸುಮಾರು 80 ಜನ ಬೇಕು, ಹಡಗಿನ ತಳದ ಮದ್ದಿನ ಕೋಣೆಯಿಂದ ಮೇಲಿನವರೆಗೆ ಅಂತಸ್ತು ಅಂತಸ್ತಾಗಿ. ಪೂರ್ಣ ಹೊಡೆತಕ್ಕೆ ತಲಾ 50 ಕೆ.ಜಿ.ಯ ಆರು ಮದ್ದಿನ ಚೀಲಗಳು. ರೇಷ್ಮೆಯ ಚೀಲಗಳು, ಹೌದು! ಯಂತ್ರದ ತೋಳು ಗುಂಡನ್ನು ಜೋರಾಗಿ ಒಳತಳ್ಳಬೇಕು, ಚೀಲಗಳನ್ನು ಮಾತ್ರ ಮೆಲ್ಲಗೆ. ಹೊಡೆತವಾದ ಮೇಲೆ ನಳಿಗೆಯಲ್ಲಿ ಕಿಡಿ ಉಳಿಯದಂತೆ ಗಾಳಿ ಊದಬೇಕು. ಇಷ್ಟನ್ನೂ ನಿಮಿಷಕ್ಕೆ ಎರಡು ಬಾರಿ ಮಾಡುವಂತೆ ತರಬೇತಿ.

1989ರ ಏಪ್ರಿಲ್ 19ರಂದು, ಇದೇ ಹಡಗಿನ ಎರಡನೇ ಗೋಪುರದಲ್ಲಿ ತಾಲೀಮಿನ ವೇಳೆ ನಡುವಿನ ಫಿರಂಗಿಗೆ ಮದ್ದು ತುಂಬುವಾಗಲೇ ಅದು ಹೊತ್ತಿಕೊಂಡಿತು. 47 ನಾವಿಕರು ಸತ್ತರು. ಬದುಕಿದವರು ತೀರಾ ಕೆಳಗೆ, ಮದ್ದಿನ ಕೋಣೆಯ ಕಡೆ ಇದ್ದ ಕೆಲವರಷ್ಟೇ.

ಸತ್ತವರಲ್ಲೇ ಒಬ್ಬ ಬೇಕೆಂದೇ ಸ್ಫೋಟಿಸಿರಬೇಕು ಎಂದು ನೌಕಾಪಡೆಯ ಮೊದಲ ತನಿಖೆ ಹೇಳಿತು. ಅವನ ಖಾಸಗಿ ಬದುಕು ಪತ್ರಿಕೆ, ಟಿವಿಗಳಲ್ಲಿ ಹರಿದಾಡಿತು. ಆಗ ವಾಟ್ಸಾಪ್ ಇರಲಿಲ್ಲ, ಬೇಕಾಗಲೂ ಇಲ್ಲ. ಮರುಪರಿಶೀಲನೆ ನಡೆಸಿದ ಸ್ಯಾಂಡಿಯಾ ಪ್ರಯೋಗಾಲಯದ ವಿಜ್ಞಾನಿಗಳು, ಚೀಲಗಳನ್ನು ಅತಿ ವೇಗವಾಗಿ, ಅತಿ ಒಳಕ್ಕೆ ತಳ್ಳಿದರೂ ಮದ್ದು ಹೊತ್ತಬಹುದು ಎಂದರು. 1990ರ ಮೇ ತಿಂಗಳಲ್ಲಿ ನೌಕಾಪಡೆಯದೇ ಪರೀಕ್ಷೆಯಲ್ಲಿ ಮದ್ದು ಹಾಗೆಯೇ ಸಿಡಿಯಿತು. ನಿಖರ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ. 1991ರಲ್ಲಿ ನೌಕಾಪಡೆ ಆ ನಾವಿಕನ ಕುಟುಂಬದ ಕ್ಷಮೆ ಕೇಳಿತು.

ಆ ಗೋಪುರ ಮತ್ತೆ ಗುಂಡು ಹಾರಿಸಲಿಲ್ಲ. ಹಡಗು ಈಗ ಲಾಸ್ ಏಂಜಲೀಸ್ ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ.