ಮಾವ ದಿನಾ ಸಿಗ್ತಾನೆ, ಅಳಿಯ ವರ್ಷಕ್ಕೊಮ್ಮೆ

ಇವನೇನು ಬಿಯರ್ ಬಗ್ಗೆ ಬರೀತಿದಾನೆ ಅಂತ ಹುಬ್ಬೇರಿಸಬೇಡಿ, ಇದು ಚರಿತ್ರೆಯ ಪೋಸ್ಟು :-)

ಅಮೆರಿಕದ ಸಣ್ಣ ಬ್ರೂವರಿಗಳು ಆಗಾಗ 'ಇಷ್ಟೇ ಮಾಡಿರೋದು, ಮುಗಿದ್ರೆ ಮುಗೀತು' ಅನ್ನುವಂಥ ಬಿಯರುಗಳನ್ನು ಬಿಡುತ್ತವೆ. ಜನ ಮುಗಿಬಿದ್ದು ಕುಡಿದ ಮೇಲೂ ಅವನ್ನು ವರ್ಷವಿಡೀ ಮಾಡೋದು ಅಪರೂಪ. ಯಾಕೆ? ಬೇಕಂತಲೇ ಅಭಾವ ಹುಟ್ಟಿಸೋ ವ್ಯಾಪಾರದ ಚಾಲಾಕಿ ಅಂತ ನನ್ನ ಆಫೀಸಿನ ಗೆಳೆಯರ ವಾದ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತೆ. ಅದೂ ದ್ವಿತೀಯಾರ್ಧ.

ಕ್ಯಾಲಿಫೋರ್ನಿಯಾದ ಸೋನೋಮಾ ಕೌಂಟಿಯಲ್ಲಿ ಸಾಂಟಾ ರೋಸಾ ಅಂತ ಊರು. ಅಲ್ಲಿ ವಿನ್ನಿ ಸಿಲುರ್ಜೊ ಮತ್ತು ನಟಾಲಿ ದಂಪತಿ 2004ರಲ್ಲಿ ರಷ್ಯನ್ ರಿವರ್ ಬ್ರೂವರಿಯ ಪಬ್ ತೆರೆದರು. ಅವರ ಹೆಸರಾಂತ ಬಿಯರು 'ಪ್ಲಿನಿ ದಿ ಎಲ್ಡರ್'. ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮನ್ ಪಂಡಿತನ ಹೆಸರದು. ಬಿಯರಿಗೆ ಕಹಿ, ಘಮ ಕೊಡೋ ಹಾಪ್ಸ್ ಅನ್ನೋ ಬಳ್ಳಿಯ ಬಗ್ಗೆ ಅವನು ಬರೆದಿದ್ದ ಅಂತ ಪ್ರತೀತಿ. ಮಜಾ ಅಂದ್ರೆ ಈ ಬಿಯರೂ ಮೊದಲು ಹುಟ್ಟಿದ್ದು 2000ದ ಆಸುಪಾಸಿನಲ್ಲಿ, ಹೇವರ್ಡ್ ಅನ್ನೋ ಊರಿನ ಒಂದು ಬಿಯರ್ ಹಬ್ಬಕ್ಕೋಸ್ಕರ. ಜನ ಮೆಚ್ಚಿದರು, ಖಾಯಂ ಆಯ್ತು.

2005ರಲ್ಲಿ ಸಿಲುರ್ಜೊ ಅದನ್ನೇ ಇನ್ನಷ್ಟು ಗಟ್ಟಿ ಮಾಡಿ, ಪ್ಲಿನಿಯ ಸೋದರಳಿಯನ ಹೆಸರಲ್ಲಿ 'ಪ್ಲಿನಿ ದಿ ಯಂಗರ್' ಬಿಟ್ಟರು. ಮಾವನದು ಶೇಕಡಾ 8 ಆಲ್ಕೋಹಾಲ್, ಅಳಿಯನದು 10ಕ್ಕೂ ಸ್ವಲ್ಪ ಮೇಲೆ. ಈ ಅಳಿಯ ಮಾತ್ರ ಇವತ್ತಿಗೂ ಖಾಯಂ ಆಗಿಲ್ಲ!

ಕಾರಣ ಟ್ಯಾಂಕು. ನಮ್ಮ ಕಡೆ ಮಿಡಿ ಉಪ್ಪಿನಕಾಯಿ ಹಾಕಿದ ಭರಣಿಯನ್ನ ಮತ್ತೆ ಬೇರೆಯದಕ್ಕೆ ಬಳಸೋದು ಅದು ಖಾಲಿಯಾದ ಮೇಲೇ ಅಲ್ವಾ, ಹಾಗೆ. ಸಾಧಾರಣ ಏಲ್ ಎರಡು ಮೂರು ವಾರದಲ್ಲಿ ಟ್ಯಾಂಕು ಬಿಟ್ಟುಕೊಡುತ್ತೆ. ಯಂಗರಿಗೆ ಮಾಲ್ಟ್ ಜಾಸ್ತಿ, ಹುಳಿಯೋಕೆ ಸಮಯ ಜಾಸ್ತಿ. ಆಮೇಲೆ ಘಮಕ್ಕೆ ಅಂತ ಮತ್ತೆ ಮತ್ತೆ ಹಾಪ್ಸ್ ಸುರಿಯಬೇಕು. ಆ ಹಾಪ್ಸ್ ಬಿಯರನ್ನೇ ಹೀರಿಕೊಳ್ಳುತ್ತೆ, ಅಂದರೆ ಕೊನೆಗೆ ಕೈಗೆ ಸಿಗೋದೂ ಕಡಿಮೆ. ಜೊತೆಗೆ ಹಾಪ್ಸ್ ಕೊಯ್ಲು ವರ್ಷಕ್ಕೊಂದೇ ಸಲ. ಇಷ್ಟೆಲ್ಲ ಆಗೋ ಹೊತ್ತಿಗೆ ಅದೇ ಟ್ಯಾಂಕಿನಲ್ಲಿ ದಿನಾ ಖರ್ಚಾಗೋ ಮಾವನನ್ನ ಮಾಡಿ ಮಾರಬಹುದಿತ್ತು. ಸರ್ವರ್ ಹಂಚಿಕೊಂಡು ಜಗಳ ಆಡಿರೋ ನಮ್ಮಂಥ ಸಾಫ್ಟ್‌ವೇರಿನವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ.

ಇದು ಬರೀ ಅವರ ಕಥೆಯಲ್ಲ. ಅದೇ ಕೌಂಟಿಯ ಪೆಟಲೂಮಾದಲ್ಲಿ ಲಗುನಿಟಾಸ್ ಬ್ರೂವರಿ ಪ್ರತಿ ಚಳಿಗಾಲ 'ಬ್ರೌನ್ ಶುಗ್ಗಾ' ಅಂತ ಒಂದು ಗಟ್ಟಿ ಬಿಯರ್ ಮಾಡ್ತಿತ್ತು. 2011ರಲ್ಲಿ ದಿನನಿತ್ಯದ ಬಿಯರಿಗೇ ಟ್ಯಾಂಕು ಸಾಲದೆ ಅದನ್ನ ಕೈಬಿಟ್ಟು, ಬದಲಿಗೆ ಬೇಗ ಆಗೋ ಇನ್ನೊಂದನ್ನ ಮಾಡಿ ಅದಕ್ಕೆ 'ಲಗುನಿಟಾಸ್ ಸಕ್ಸ್' ಅಂತ ತಮ್ಮನ್ನೇ ಬೈದುಕೊಳ್ಳೋ ಹೆಸರಿಟ್ಟರು! ಜನಕ್ಕೆ ಹಿಡಿಸಿತು, ಮುಂದೆ ಅದು ವರ್ಷವಿಡೀ ಸಿಗೋ ಸಾಲಿಗೆ ಸೇರಿತು. ಗಮನಿಸಿ, ಖಾಯಂ ಆಗಿದ್ದು ಟ್ಯಾಂಕನ್ನ ಬೇಗ ಖಾಲಿ ಮಾಡೋ ಬದಲಿ ಬಿಯರು.

ಈಗ ಗೆಳೆಯರ ಚಾಲಾಕಿ ವಾದಕ್ಕೆ ಬರೋಣ. ಯಂಗರಿಗೆ ಮೊದಲ ಕೆಲವು ವರ್ಷ ಹೇಳಿಕೊಳ್ಳುವಂಥ ಕ್ಯೂ ಇರಲಿಲ್ಲ. ಫೆಬ್ರವರಿಯಲ್ಲಿ ಬರ್ತಿತ್ತು, ಮುಗೀತಿತ್ತು. ಬಿಯರ್ ವಿಮರ್ಶೆಯ ವೆಬ್‌ಸೈಟುಗಳಲ್ಲಿ ತುದಿಗೇರಿದ ಮೇಲೆ, 2010ರಲ್ಲಿ ಜನ ನುಗ್ಗಿ ಅಷ್ಟೂ ಮಾಲು ಒಂದೇ ದಿನಕ್ಕೆ ಖಾಲಿ. ಮುಂದಿನ ವರ್ಷದಿಂದ ದಿನಕ್ಕಿಷ್ಟು ಅಂತ ಪಡಿತರ ಪದ್ಧತಿ. ಅಂದ್ರೆ ಅಭಾವ ಮೊದಲು, ಹುಚ್ಚು ಆಮೇಲೆ.

ಆದ್ರೆ ಟ್ಯಾಂಕಿನ ನೆಪ ಎಷ್ಟು ದಿನ ನಡೆಯುತ್ತೆ? 2018ರಲ್ಲಿ ಪಕ್ಕದ ವಿಂಡ್ಸರಿನಲ್ಲಿ ಅವರು ದೊಡ್ಡ ಬ್ರೂವರಿಯನ್ನೇ ಕಟ್ಟಿದರು. ಆದರೂ ಅಳಿಯ ಖಾಯಂ ಆಗಲಿಲ್ಲ. ಗೆಳೆಯರ ವಾದ ಗೆಲ್ಲೋದು ಇಲ್ಲೇ ಅನ್ನಿಸುತ್ತೆ. ಅಷ್ಟು ಹೊತ್ತಿಗೆ ಅದು ಊರಿನ ಜಾತ್ರೆಯಾಗಿತ್ತು. ಹೊರಗಿಂದ ಬಂದವರು ರಾತ್ರಿಯಿಂದಲೇ ರಸ್ತೆಯಲ್ಲಿ ಸಾಲು ನಿಲ್ತಾರೆ, ಹೋಟೆಲುಗಳು ತುಂಬ್ತವೆ. ಈ ಎರಡು ವಾರದಿಂದ ಊರಿಗೆ ಎಷ್ಟು ಲಕ್ಷ ಡಾಲರ್ ವ್ಯಾಪಾರ ಆಗುತ್ತೆ ಅಂತ ಕೌಂಟಿಯವರೇ ಲೆಕ್ಕ ಹಾಕಿಸಿದಾರೆ. ಜಾತ್ರೆಯನ್ನ ವಾರದ ಸಂತೆ ಮಾಡಿದ್ರೆ ಯಾರು ತಾನೇ ಅಷ್ಟು ದೂರದಿಂದ ಬರ್ತಾರೆ ಹೇಳಿ? ದಿನಾ ಸಿಗೋ ಮಾವನ ಮಾರಾಟಕ್ಕೂ ಅಳಿಯನ ಹೆಸರೇ ಪುಕ್ಕಟೆ ಜಾಹೀರಾತು.

ಒಂದಿಷ್ಟು ಸಡಿಲ ಮಾಡಿದಾರೆ. 2020ರಲ್ಲಿ ಮೊದಲ ಸಲ ಯಂಗರ್ ಬಾಟಲಿಯಲ್ಲಿ ಬಂತು, ಒಬ್ಬರಿಗೆ ಇಷ್ಟೇ ಅನ್ನೋ ಮಿತಿಯ ಮೇಲೆ. 2022ರಿಂದ ಜಾತ್ರೆ ಫೆಬ್ರವರಿ ಬಿಟ್ಟು ಮಾರ್ಚ್ ಕೊನೆಗೆ ಸರಿದಿದೆ, ಹತ್ತಿರ ಹತ್ತಿರ ನಮ್ಮ ಯುಗಾದಿಯ ಹೊತ್ತಿಗೆ.